ಯಾವ ಎಣ್ಣಿ?

ಪಂಚಮಿಗೆಂದು ತವರಿಗೆ ಹೋದವಳು ಹಬ್ಬದ ದಿನ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಒಳಗೆ ನನ್ನ ಅಣ್ಣನ ಮಗಳು. ಆಗ ಅವಳಿಗೆ ಆರು ವರ್ಷ. ಇಲ್ಲಿ ಅವಳನ್ನು ಪುಟ್ಟಿ ಅಂತಲೇ ಕರೆಯುತ್ತೇನೆ. ಹಿಂದಿನ ಸಂಜೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಿಂದ ಇಳಿಯಲೊಲ್ಲೆ ಎಂದು ಹಟ ಮಾಡಿದ್ದಳು. ಇಳಿಸಿದವಳು ನಾನೇ, ಕೈಗೊಂದು ಶೇಂಗಾ ಉಂಡಿ ಕೊಟ್ಟು.

ಈ ಬರಹವನ್ನು ಐದು ವರ್ಷದಿಂದ ಮುಂದೂಡುತ್ತಲೇ ಬಂದಿದ್ದೆ. ಬರೆದರೆ ಅವ್ವನನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ ಎಂಬ ಅಳುಕು. ಕಳೆದ ತಿಂಗಳು ಅವ್ವನೇ ಫೋನಿನಲ್ಲಿ, "ಬರೀ, ನಾಕ್ ಮಂದಿಗೆ ಗೊತ್ತಾಗ್ಲಿ" ಅಂದಳು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಆ ದಿನ ಬೆಳಿಗ್ಗೆ ಐದರ ಹೊತ್ತಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಕೂಗಿದ್ದು ಕೇಳಿ ಎದ್ದೆ. ಪುಟ್ಟಿ ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡಿದ್ದಳು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಮೈಯೆಲ್ಲ ಬೆವರು, ಹಾಸಿಗೆ ಒದ್ದೆ. ಎತ್ತಿಕೊಂಡರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅಣ್ಣ ಕಾರು ತಂದ. ದಾರಿಯಲ್ಲಿ ಒಮ್ಮೆ ಕೈಕಾಲು ಸೆಟೆದು ಫಿಟ್ಸ್ ಬಂತು. ಆ ಒಂದು ನಿಮಿಷವನ್ನು ಬರೆಯುವ ಶಕ್ತಿ ನನಗಿಲ್ಲ.

ತಾಲೂಕಿನ ಊರಿನ ನರ್ಸಿಂಗ್ ಹೋಮಿನಲ್ಲಿ ಬೆರಳು ಚುಚ್ಚಿ ನೋಡಿದರು. ಗ್ಲೂಕೋಮೀಟರಿನಲ್ಲಿ 412. ಮೂತ್ರದಲ್ಲಿ ಕೀಟೋನ್, ಅಂದರೆ ಮೈಯ ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ, ಇತ್ತು. ಉಸಿರು ಜೋರಾಗಿತ್ತು.

"ಮನ್ಯಾಗ ಯಾರಿಗರ ಶುಗರ್ ಐತೇನು?" ಡಾಕ್ಟರು ಕೇಳಿದರು.

"ನಮ್ಮ ಅತ್ತೀಗೆ ಐತ್ರಿ," ವೈನಿ ಅಂದಳು.

"ಏನರ ವಿಷ-ಗಿಷ ಹೊಟ್ಟಿಗೆ ಹೋಗೈತೇನು?"

ವೈನಿಯ ಮುಖ ಕೆಂಪಾಯಿತು. "ಇಲ್ರೀ ಸರ. ಆರ್ ವರ್ಷದ ಕೂಸೈತ್ರಿ ಅದು. ವಿಷ ಯಾಕ ಕುಡೀತೈತ್ರಿ?"

ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಟೈಪ್ 1. ಗೊತ್ತಾಗದೆ ಒಳಗೇ ಬೆಳೆದು ಈಗ, ರಕ್ತ ಆಮ್ಲವಾಗುವ ಕೀಟೋ ಅಸಿಡೋಸಿಸ್‌ಗೆ ತಿರುಗಿದೆ. ಇನ್ನು ಜೀವನಪೂರ್ತಿ ಇನ್ಸುಲಿನ್ ಎಂದರು. ಸಲೈನು, ಇನ್ಸುಲಿನ್ ಶುರುವಾಯಿತು. ವೈನಿ ಗೋಡೆಗೆ ಒರಗಿ ಕುಸಿದಳು. ಅಣ್ಣ ಉಂಡಿಯನ್ನು ಬೈಯತೊಡಗಿದ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಮೂರು ದಿನದಿಂದ ತಿಂದದ್ದೇ ತಿಂದದ್ದು, ಅದಕ್ಕೇ ಹೀಗಾಯಿತು ಎಂದು. ಉಂಡಿ ತಿಂದರೆ ಟೈಪ್ 1 ಬರುವುದಿಲ್ಲ ಎಂದು ಹೇಳುವಷ್ಟು ತಿಳಿವಳಿಕೆ ನನಗಿತ್ತು, ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, 412 ಎಂಬ ಅಂಕಿ ಕಂಡಮೇಲೆ ನಾವು ಯಾರೂ ಬೇರೇನನ್ನೂ ಯೋಚಿಸಲಿಲ್ಲ. ಕಣ್ಣಿಗೆ ಕಾಣುವ ಅಂಕಿ, ಮನೆಯಲ್ಲೇ ಇರುವ ಕಾಯಿಲೆ, ಹಬ್ಬದ ಸಿಹಿ, ಮೂರೂ ಕೂಡಿದಾಗ ಕಾರಣ ಸಿಕ್ಕೇಬಿಟ್ಟಿತು ಅನ್ನಿಸಿತ್ತು.

ಎರಡು ಗಂಟೆಯಲ್ಲಿ ಸಕ್ಕರೆ 140ಕ್ಕೆ ಬಂತು. ಡಾಕ್ಟರಿಗೇ ಗಾಬರಿಯಾಗಿ ಇನ್ಸುಲಿನ್ ನಿಲ್ಲಿಸಿದರು. ನಿಜವಾದ ಕೀಟೋ ಅಸಿಡೋಸಿಸ್‌ನಲ್ಲಿ ಸಕ್ಕರೆ ಹೀಗೆ ದಡಬಡ ಇಳಿಯುವುದಿಲ್ಲ, ಇಳಿಸಲೂಬಾರದು. ಮಕ್ಕಳಲ್ಲಿ ಅವಸರ ಮಾಡಿದರೆ ಮಿದುಳು ಬಾತುಕೊಳ್ಳುವ ಭಯವಿರುತ್ತದೆ. ಸಕ್ಕರೆ ಇಳಿಯಿತು, ಪುಟ್ಟಿ ಮಾತ್ರ ಏಳಲಿಲ್ಲ. ಎದೆಯಲ್ಲಿ ಗೊರಗೊರ ಸದ್ದು. ಬಾಯಿಯಿಂದ ಜೊಲ್ಲು ಸುರಿಯುತ್ತಲೇ ಇತ್ತು. ಒರೆಸಿ ಒರೆಸಿ ವೈನಿಯ ಸೆರಗು ತೊಯ್ದಿತ್ತು. ನ್ಯುಮೋನಿಯಾ ಇರಬಹುದು ಎಂದು ಹುಬ್ಬಳ್ಳಿಗೆ ಬರೆದುಕೊಟ್ಟರು. ಅವರು ಹಟ ಹಿಡಿಯದೆ ತಕ್ಷಣ ಕಳಿಸಿಕೊಟ್ಟರು ಎಂಬ ಕೃತಜ್ಞತೆ ನನಗೆ ಇಂದಿಗೂ ಇದೆ.

ಹುಬ್ಬಳ್ಳಿಯಲ್ಲಿ ಮೊದಲು ಗುರುತು ಹಿಡಿದವರು ಒಬ್ಬ ಸಿಸ್ಟರ್. ಆಕ್ಸಿಜನ್ ಮಾಸ್ಕಿನ ದಾರವನ್ನು ಪುಟ್ಟಿಯ ತಲೆಯ ಹಿಂದೆ ಎಳೆದು ಕೂರಿಸುವಾಗ ಅವರ ಕೈ ನಿಂತಿತು. ತಮ್ಮ ಕೈಗವಸನ್ನು ಮೂಸಿ ನೋಡಿದರು. ಆಮೇಲೆ ಬಗ್ಗಿ ಕೂದಲು ಮೂಸಿದರು.

"ತಲಿಗೆ ಏನ್ ಹಚ್ಚೀರವ್ವಾ?"

"ಎಣ್ಣಿ ಹಚ್ಚೀವ್ರಿ."

"ಯಾವ ಎಣ್ಣಿ?"

ವೈನಿ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಅವ್ವ ಹಚ್ಚಿದ್ದಳು. ಫೋನ್ ಮಾಡಿದೆ. ಅವ್ವನ ದನಿಯಲ್ಲಿ ಮುಚ್ಚಿಡುವ ಸುಳಿವೇ ಇರಲಿಲ್ಲ. "ಹೇನ್ ಭಾಳ ಆಗಿದ್ವು ಬೇ. ಹತ್ತೀಗೆ ಹೊಡದದ್ದು ಎಣ್ಣಿ ಒಂದೀಟು ಉಳದಿತ್ತಲ್ಲ, ಅದನ್ನ ತಿಕ್ಕಿ ಅರಿವಿ ಕಟ್ಟಿ ಮಲಗಿಸಿದ್ದೆ. ಹಬ್ಬದ ದಿನ ಎರಕೊಂಡ್ರ ಹೋಗ್ತಾವು ಅಂತ. ಯಾಕ, ಏನಾತು?"

ಫೋನ್ ಸ್ಪೀಕರಿನಲ್ಲಿತ್ತು. ಸಿಸ್ಟರ್ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಡಾಕ್ಟರನ್ನು ಕೂಗುತ್ತಾ ಓಡಿದರು. ಅವರು ಬಂದು ಪುಟ್ಟಿಯ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಬೆಳಗಿನಿಂದ ನಾವೆಲ್ಲ ಆ ಕಣ್ಣನ್ನೇ ನೋಡುತ್ತಿದ್ದೆವು.

ಬಾಟಲಿಯ ಫೋಟೋ ತರಿಸಿದರು. ಕ್ಲೋರ್‌ಪೈರಿಫಾಸ್. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕ.

ಆಮೇಲಿನ ದಿನಗಳಲ್ಲಿ ಡಾಕ್ಟರು ಬಿಡುವಾದಾಗಲೆಲ್ಲ ನನಗೆ ಇದನ್ನು ಬಿಡಿಸಿ ಹೇಳಿದರು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಬಯಾಲಜಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್. ಕೆಲಸವಾದ ಕೂಡಲೇ ಅದನ್ನು ಒಡೆದು ಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಗ್ರಂಥಿಗಳು ಸುರಿಸುತ್ತಲೇ ಇರುತ್ತವೆ: ಜೊಲ್ಲು, ಕಣ್ಣೀರು, ಬೆವರು, ಶ್ವಾಸಕೋಶದೊಳಗೆ ನೀರಿನಂಥ ಕಫ. ಸ್ನಾಯುಗಳು ಮೊದಲು ಅದುರಿ, ಆಮೇಲೆ ಸೋತುಹೋಗುತ್ತವೆ. ಹುಳವನ್ನು ಕೊಲ್ಲುವುದೂ ಇದೇ ದಾರಿಯಿಂದ. ಹುಳಕ್ಕೂ ನಮಗೂ ಈ ಕಿಣ್ವ ಒಂದೇ ಬಗೆಯದು.

ಸಕ್ಕರೆ ಏಕೆ ಏರಿತು? ಅದೇ ಅಸಿಟೈಲ್‌ಕೋಲಿನ್ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನೂ ಬಡಿದೆಬ್ಬಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನೆಲ್ಲ ಹೊರಗೆ ಚೆಲ್ಲುತ್ತದೆ. ಕೆಲವರಲ್ಲಿ ಮೇದೋಜೀರಕವೂ ಉರಿಯೂತಕ್ಕೆ ಸಿಕ್ಕಿ ಇನ್ಸುಲಿನ್ ಸಾಲದಾಗುತ್ತದೆ. ಇನ್ನು ಕೀಟೋನ್: ರಾತ್ರಿಯಿಂದ ಹೊಟ್ಟೆ ಖಾಲಿಯಾಗಿ ವಾಂತಿ ಮಾಡುವ ಯಾವ ಮಗುವಿನಲ್ಲೂ ಅದು ಕಾಣಿಸಿಕೊಳ್ಳಬಹುದು. ಫಿಟ್ಸ್ ಬಂದು ಉಸಿರು ಸಾಲದಾದಾಗ ರಕ್ತ ಆಮ್ಲವಾಗುತ್ತದೆ. ಹೀಗೆ ಸಕ್ಕರೆ, ಕೀಟೋನ್, ಆಮ್ಲ ಮೂರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಂಚದ ಮೇಲೆ ಕೂಡಿದವು. ಡಯಾಬಿಟಿಕ್ ಕೀಟೋ ಅಸಿಡೋಸಿಸ್ ಎಂದು ಗುರುತಿಸಲು ಬೇಕಾದದ್ದೂ ಇವೇ ಮೂರು. ಇಂಥ ಮಕ್ಕಳನ್ನು ಸಕ್ಕರೆ ಕಾಯಿಲೆಯವರೆಂದು ತಿಳಿದು ಉಪಚರಿಸಿದ್ದನ್ನು ನಮ್ಮ ದೇಶದ ವೈದ್ಯರೇ ಪತ್ರಿಕೆಗಳಲ್ಲಿ ಬರೆದಿದ್ದಾರೆ ಎಂದು ಅವರು ಹೇಳಿದಾಗ, ಮೊದಲ ಆಸ್ಪತ್ರೆಯ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಅವರು ಕಲಿಸಿಕೊಟ್ಟ ಒಂದು ವ್ಯತ್ಯಾಸ ಮಾತ್ರ ನನ್ನಲ್ಲಿ ಅಚ್ಚೊತ್ತಿದೆ. ಸಕ್ಕರೆ ಏರಿ ಕೀಟೋನ್ ತುಂಬಿದ ಮಗು ಒಣಗಿರುತ್ತದೆ. ನಾಲಗೆ ಒಣ, ತುಟಿ ಒಣ, ಚರ್ಮ ಒಣ, ಕಣ್ಣು ಗುಳಿ ಬಿದ್ದಿರುತ್ತದೆ. ವಾರಗಟ್ಟಲೆ ನೀರು ಕುಡಿದು ಕುಡಿದು ಮೂತ್ರಕ್ಕೆ ಹೋಗಿರುತ್ತದೆ, ತೂಕ ಇಳಿದಿರುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಶುರುವಾಗಿರುತ್ತದೆ. ಈ ವಿಷ ತಾಗಿದ ಮಗು ಒದ್ದೆಯಾಗಿರುತ್ತದೆ. ಪುಟ್ಟಿ ಹಿಂದಿನ ಸಂಜೆಯವರೆಗೂ ಜೀಕುತ್ತಿದ್ದವಳು. ಬೆಳಗಾಗುವಷ್ಟರಲ್ಲಿ ಬಾಯಿ, ಎದೆ, ಮೈ ಎಲ್ಲ ಒದ್ದೆ. ಆದರೆ ಇದನ್ನೇ ಪೂರ್ತಿ ನಂಬಬೇಡಿ ಎಂದೂ ಅವರೇ ಎಚ್ಚರಿಸಿದರು. ದೊಡ್ಡವರಲ್ಲಿ ಕಾಣುವಷ್ಟು ಜೊಲ್ಲು, ಬೆವರು, ಚಿಕ್ಕ ಪಾಪೆ ಎಷ್ಟೋ ಮಕ್ಕಳಲ್ಲಿ ಕಾಣುವುದಿಲ್ಲ. ಬರೀ ಮಂಪರು, ಫಿಟ್ಸ್, ಮೆತ್ತಗಾದ ಕೈಕಾಲು ಇಷ್ಟೇ ಇರಬಹುದು.

ಅವತ್ತು ಆಮೇಲೆ ನಡೆದದ್ದೆಲ್ಲ ಬೇಗ ಬೇಗ. ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿ ಗಂಟು ಕಟ್ಟಿದರು. ಕೈಗವಸು ತೊಟ್ಟು ತಲೆಯನ್ನು ಸೋಪು ಹಾಕಿ ಮತ್ತೆ ಮತ್ತೆ ತೊಳೆದರು. ವಿಷ ಇನ್ನೂ ಚರ್ಮದಿಂದ ಒಳಗಿಳಿಯುತ್ತಲೇ ಇತ್ತು ಎಂಬುದು ಆಗ ನನಗೆ ಹೊಳೆಯಿತು. ಬೆಳಗಿನ ಐದರಿಂದ ಮಧ್ಯಾಹ್ನದವರೆಗೆ ನಾವು ಎರಡು ಆಸ್ಪತ್ರೆ ತಿರುಗಿದ ಹೊತ್ತೆಲ್ಲ ಅದು ಅವಳ ತಲೆಯ ಮೇಲೆಯೇ ಇತ್ತು. ಕೊನೆಗೆ ಕೂದಲನ್ನೇ ಬೋಳಿಸಿದರು. ಹಬ್ಬಕ್ಕೆ ಜಡೆ ಹಾಕಿ ಮಲ್ಲಿಗೆ ಮುಡಿಸಬೇಕೆಂದು ಅವ್ವ ಮೂರು ತಿಂಗಳಿಂದ ಬೆಳೆಸಿದ ಕೂದಲು.

ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಶುರುವಾಯಿತು. ಐದೈದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು, ಗೊರಗೊರ ಇದ್ದರೆ ಪ್ರಮಾಣ ಇಮ್ಮಡಿ ಮಾಡುವುದು. ಎದೆ ಒಣಗುವವರೆಗೆ. ಜೊತೆಗೆ ಪ್ಯಾಮ್ ಎಂದು ಕರೆಯುವ ಪ್ರಾಲಿಡಾಕ್ಸಿಮ್. ಸಂಜೆಯ ಹೊತ್ತಿಗೆ ಗೊರಗೊರ ನಿಂತಿತು. ಆಗ ಬೇರೊಂದು ನೋಟ: ಪುಟ್ಟಿಯ ಮುಖ ಕೆಂಡದಂತೆ ಕೆಂಪು, ಪಾಪೆಗಳು ಅಗಲ, ತುಟಿ ಒಣಗಿ ಬಿರುಕು. ಗಾಳಿಯಲ್ಲಿ ಬೆರಳಾಡಿಸಿ ಏನನ್ನೋ ಹೆಕ್ಕುತ್ತಿದ್ದಳು. ಮಗಳಿಗೆ ಬುದ್ಧಿಭ್ರಮಣೆಯಾಯಿತೆಂದು ಅಣ್ಣ ಅತ್ತುಬಿಟ್ಟ. ಅದು ಅಟ್ರೋಪಿನ್‌ನಿಂದ ಆಗುವಂಥದ್ದು, ಇಳಿಯುತ್ತದೆ ಎಂದು ಸಿಸ್ಟರ್ ಹೇಳಿದರು. ಪುಟ್ಟಿ ಮಲ್ಲಿಗೆ ಹೂ ಬಿಡಿಸುತ್ತಿದ್ದಾಳೆ ಎಂದು ವೈನಿ ನಂಬಿದ್ದಳು. ಈಗಲೂ ಹಾಗೇ ಹೇಳುತ್ತಾಳೆ.

ರಕ್ತದಲ್ಲಿ ಕೋಲಿನೆಸ್ಟರೇಸ್ ತೀರಾ ಕಡಿಮೆ ಎಂದು ವರದಿ ಬಂತು. ಮರುದಿನ ಎಚ್‌ಬಿಎ1ಸಿ ಬಂತು, 5.3. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆ ಅವಧಿಯಲ್ಲಿ ರಕ್ತದ ಸಕ್ಕರೆ ಎಷ್ಟಿತ್ತೆಂಬ ಗುರುತು ಅದರ ಹಿಮೋಗ್ಲೋಬಿನ್ ಮೇಲೆ ಉಳಿದಿರುತ್ತದೆ. 5.3 ಎಂದರೆ ಕಳೆದ ಎರಡು ಮೂರು ತಿಂಗಳು ಸಕ್ಕರೆ ಸರಿಯಾಗಿಯೇ ಇತ್ತು. ಇನ್ಸುಲಿನ್ ಇಲ್ಲದೆಯೂ ಮತ್ತೆ ಏರಲಿಲ್ಲ. ಸಕ್ಕರೆ ಕಾಯಿಲೆ ಅವಳಿಗೆ ಇರಲೇ ಇಲ್ಲ.

ಆದರೂ ಡಾಕ್ಟರು ನಿರಾಳವಾಗಲಿಲ್ಲ. ಒಂದರಿಂದ ನಾಲ್ಕು ದಿನದೊಳಗೆ, ಎಲ್ಲ ಸರಿಹೋಯಿತು ಎನ್ನುವಾಗಲೇ ಕುತ್ತಿಗೆ ಮತ್ತು ಉಸಿರಾಟದ ಸ್ನಾಯುಗಳು ಸೋಲುವುದುಂಟಂತೆ. ಹಾಗಾಗಿ ಕೆಲವು ಗಂಟೆಗೊಮ್ಮೆ ಬಂದು, "ಪುಟ್ಟಿ, ದಿಂಬಿನಿಂದ ತಲಿ ಎತ್ತು ನೋಡೂಣು" ಎನ್ನುತ್ತಿದ್ದರು. ಬೋಳು ತಲೆಯನ್ನು ಅವಳು ಎತ್ತಿದಾಗಲೆಲ್ಲ ನಾವು ಬಾಗಿಲ ಗಾಜಿನಾಚೆ ಉಸಿರು ಬಿಡುತ್ತಿದ್ದೆವು. ನಾಲ್ಕನೆಯ ದಿನ ಅವಳೇ ಕೇಳಿದಳಂತೆ, ಇನ್ನೂ ಎಷ್ಟು ಸಲ ಎತ್ತಬೇಕು ಎಂದು.

ಒಂಬತ್ತನೆಯ ದಿನ ಮನೆಗೆ ಬಂದೆವು. ಅವ್ವ ಒಲೆಯ ಮುಂದೆ ಕೂತವಳು ಎದ್ದು ಬರಲಿಲ್ಲ.

ಅವ್ವನ ತಪ್ಪು ಎಲ್ಲಿಂದ ಶುರುವಾಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ತಲೆಗೆ ಅವಳು ಹುಳಕ್ಕೆ ಹಾಕುವ ಗಮಾಕ್ಸಿನ್ ಪುಡಿ ಹಚ್ಚಿದ್ದಳು, ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಓಣಿಯ ಎಲ್ಲ ಅವ್ವಂದಿರೂ ಹಚ್ಚುತ್ತಿದ್ದರು. ಹೊಲದ ಹುಳ ಸಾಯುವುದಾದರೆ ತಲೆಯ ಹೇನೂ ಸಾಯಬೇಕಲ್ಲ. ಆ ತರ್ಕದಲ್ಲಿ ತಪ್ಪೇನಿಲ್ಲ, ಹೇನು ಸತ್ತೂ ಹೋಗುತ್ತದೆ. ಚರ್ಮದ ಕೆಳಗೆ ಮಗುವಿದೆ ಎಂಬುದೊಂದು ಲೆಕ್ಕಕ್ಕೆ ಬಂದಿರಲಿಲ್ಲ. ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ಅದನ್ನೇ ಹೇಳುವುದಕ್ಕೆಂದು ಇರುವುದು: ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮ ಮನೆಯ ಬಾಟಲಿಯಲ್ಲಿ ಲೇಬಲ್ಲು ಮಣ್ಣಿಗೆ ಅರ್ಧ ಕಿತ್ತುಹೋಗಿತ್ತು. ಇದ್ದರೂ ಅವ್ವನಿಗೆ ಓದು ಬಾರದು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಎರಡು ಪ್ರಶ್ನೆಗಳು. "ವಿಷ ಹೊಟ್ಟೆಗೆ ಹೋಗಿದೆಯೇ?" ಎಂದು ಕೇಳಿದಾಗ ನಮ್ಮ ಮನೆಯವರು ಇಲ್ಲ ಎಂದರು, ಅದು ಸುಳ್ಳಾಗಿರಲಿಲ್ಲ. ನಮ್ಮ ಕಡೆ ಹೊಲಕ್ಕೆ ಹೊಡೆಯುವುದನ್ನು ವಿಷ ಎಂದು ಯಾರೂ ಕರೆಯುವುದಿಲ್ಲ. ಅದು ಎಣ್ಣಿ. "ಹತ್ತೀಗೆ ಎಣ್ಣಿ ಹೊಡೀಬೇಕು" ಎನ್ನುತ್ತೇವೆ. ತಲೆಗೂ ಎಣ್ಣಿ, ಒಗ್ಗರಣೆಗೂ ಎಣ್ಣಿ. ನಾನೀಗ ಇರುವ ಮೈಸೂರು ಕಡೆ, ಗಂಡನ ಊರು ಮಂಡ್ಯದ ಕಡೆ, ಅದನ್ನು ಔಷಧಿ ಎನ್ನುತ್ತಾರೆ. ಭತ್ತಕ್ಕೆ ಔಷಧಿ ಹೊಡೆಯುತ್ತಾರೆ, ಮಗುವಿನ ಕೆಮ್ಮಿಗೂ ಔಷಧಿ ಕುಡಿಸುತ್ತಾರೆ. ವಿಷ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಒಂದೇ ಸಂದರ್ಭಕ್ಕೆ ಮೀಸಲು, ಬದುಕು ಸಾಕೆಂದು ಯಾರೋ ಕುಡಿದಾಗ. ಆ ಮಾತಿನ ಹಿಂದೆಯೇ ಪೊಲೀಸ್, ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ಕೇಸು ಎಂಬ ಎಂಎಲ್‌ಸಿ, ಊರವರ ಪಿಸುಮಾತು ಎಲ್ಲ ಬರುತ್ತವೆ. ಹಾಗಾಗಿ ಆ ಪ್ರಶ್ನೆ ಕಿವಿಗೆ ಬಿದ್ದ ಕ್ಷಣ ತಾಯಿಯಾದವಳು ಬಾಗಿಲು ಮುಚ್ಚುತ್ತಾಳೆ. "ತಲೆಗೆ ಏನು ಹಚ್ಚಿದ್ದೀರಿ" ಎಂದಾಗಲೂ ನಿಜವಾದ ಉತ್ತರವೇ ಬಂತು, ಎಣ್ಣಿ ಎಂದು. ಆ ಉತ್ತರಕ್ಕೆ ಯಾರಾದರೂ ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಸಿಸ್ಟರ್ ನಮ್ಮ ಕಡೆಯವರೇ, ಹೊಲದ ಮನೆಯಲ್ಲಿ ಬೆಳೆದವರು. ಆ ಮಾತಿಗೆ ಎರಡು ಅರ್ಥವಿರುವುದು ಅವರಿಗೆ ಗೊತ್ತಿತ್ತು. ಕನ್ನಡ ಪಾಠ ಮಾಡಿಕೊಂಡು ಬದುಕುವ ನನಗೆ ಹೊಳೆಯಬೇಕಾದ ಪ್ರಶ್ನೆ ಅದಾಗಿತ್ತು.

ಎಣ್ಣೆ, ಹಿಟ್ಟು, ಸಕ್ಕರೆಯ ನಡುವೆ ಈ ವಿಷ ಬೆರೆತುಹೋದದ್ದು ಇದೇ ಮೊದಲಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್, ಅಂದರೆ ಆಗ ಫೋಲಿಡಾಲ್ ಎಂದು ಹೆಸರಾಗಿದ್ದದ್ದು, ಹಡಗಿನಲ್ಲಿ ಆಹಾರದ ಮೂಟೆಗಳ ಜೊತೆ ಬಂದು ಸೋರಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದ 1968ರ ಕೀಟನಾಶಕ ಕಾಯ್ದೆಯ ಹಿಂದೆ ಆ ಸಾವುಗಳಿವೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇತ್ತು. ಅಲ್ಲಿಯೂ ಎಣ್ಣೆ. ನಮ್ಮಲ್ಲೇ 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು ಹದಿನೈದಕ್ಕೂ ಹೆಚ್ಚು ಜನ ಹೋದರು. ಅದೇ ಮಾನೋಕ್ರೋಟೋಫಾಸ್, ಅಲ್ಲಿ ಬೇಕೆಂದೇ ಬೆರೆಸಿದ್ದು. ಆ ರಾತ್ರಿ ಮೈಸೂರಿನ ಆಸ್ಪತ್ರೆಗಳಿಗೆ ಆಂಬುಲೆನ್ಸುಗಳು ಬಂದದ್ದು ನಮಗೆಲ್ಲ ನೆನಪಿದೆ. ಆದರೆ ಅಲ್ಲಿ ಯಾರೂ ಸಕ್ಕರೆ ಕಾಯಿಲೆ ಎನ್ನಲಿಲ್ಲ. ನೂರು ಜನ ಒಟ್ಟಿಗೆ ವಾಂತಿ ಮಾಡಿದರೆ ವಿಷ ಎಂಬುದು ತಾನಾಗಿ ಗೊತ್ತಾಗುತ್ತದೆ. ಒಂದೇ ಮಂಚ, ಒಂದೇ ಮಗು, ಬೆರಳ ತುದಿಯಲ್ಲಿ 412. ಆಗಲೇ ದಾರಿ ತಪ್ಪುವುದು.

ಹುಡುಕಿ ಓದಿದಾಗ ಇನ್ನೊಂದಿಷ್ಟು ತಿಳಿಯಿತು. ದನದ ಉಣ್ಣೆಗೆ ಬಳಸುವ ಅಮಿಟ್ರಾಜ್ ಕೂಡ ಮಂಪರು ತಂದು, ಪಾಪೆ ಚಿಕ್ಕದು ಮಾಡಿ, ಇನ್ಸುಲಿನ್ ಬಿಡುಗಡೆಗೆ ಅಡ್ಡಗಾಲು ಹಾಕಿ ಸಕ್ಕರೆ ಏರಿಸುತ್ತದೆ. ನೋಡಲು ಆರ್ಗನೋಫಾಸ್ಫೇಟ್‌ನಂತೆಯೇ ಇದ್ದರೂ ಬೇರೆಯದೇ ವಿಷ. ಬಾಟಲಿ ಕಣ್ಣಿಗೆ ಬೀಳದೆ ಅದನ್ನು ಬೇರ್ಪಡಿಸುವುದು ಕಷ್ಟ. ಇದಕ್ಕೆ ತಿರುಗುಮುರುಗಾದದ್ದೂ ನಮ್ಮ ಮನೆಗಳಲ್ಲೇ ಇದೆ: ಸಕ್ಕರೆ ಕಾಯಿಲೆಗೆಂದು ಇರುವ ಅಜ್ಜಿಯ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮಾತ್ರೆಯನ್ನು ಚಾಕೊಲೇಟ್ ಎಂದು ಮಗು ನುಂಗಿದರೆ ಸಕ್ಕರೆ ಕುಸಿಯುತ್ತದೆ. ಒಂದೇ ಮಾತ್ರೆ ಸಾಕು, ಗಂಟೆಗಳು ಕಳೆದ ಮೇಲೂ ಕುಸಿಯಬಹುದು. ಅವ್ವನ ಮಾತ್ರೆ ಡಬ್ಬಿ ಈಗ ಅಟ್ಟದ ಮೇಲಿದೆ.

ಹೊಲಮನೆಯ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. ಮಗುವನ್ನು ಎತ್ತಿಕೊಂಡು ಓಡುವಾಗ ಬಾಟಲಿಯನ್ನೂ ತನ್ನಿ, ಇಲ್ಲವೇ ಫೋಟೋ. ಮೈಗೆ, ತಲೆಗೆ ತಾಗಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ತೊಳೆಯಿರಿ. ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಡಾಕ್ಟರು ಕೇಳದಿದ್ದರೂ ಹೇಳಿ: ನಿನ್ನೆ ಹೊಲಕ್ಕೆ ಇಂಥದ್ದು ಹೊಡೆದೆವು, ತಲೆಗೆ ಇಂಥದ್ದು ಹಚ್ಚಿದೆವು, ಮಗು ಪಂಪಿನ ಹತ್ತಿರ ಆಡುತ್ತಿತ್ತು ಎಂದು. ಯಾರು ಬೈಯುತ್ತಾರೆ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು. ದೆಹಲಿಯ ಏಮ್ಸ್‌ನಲ್ಲಿ ವಿಷದ ಬಗ್ಗೆ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರವೊಂದು ಹಗಲು ರಾತ್ರಿ ಕೆಲಸ ಮಾಡುತ್ತದೆ, ವೈದ್ಯರೂ ಅಲ್ಲಿಗೆ ಕೇಳುತ್ತಾರೆ.

ಡಾಕ್ಟರುಗಳಿಗೆ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಶ್ರಾವಣ ಭಾದ್ರಪದದಲ್ಲಿ ಮಗುವೊಂದು ಮಂಪರಿನಲ್ಲಿ ಬಂದರೆ, ಸಕ್ಕರೆ ಎಷ್ಟೇ ಇರಲಿ, ರೆಪ್ಪೆ ಎತ್ತಿ ಪಾಪೆ ನೋಡಿ, ಕೂದಲು ಮೂಸಿ ಎಂದು ಕೈಮುಗಿದು ಕೇಳುತ್ತೇನೆ.

ಪುಟ್ಟಿಗೆ ಈಗ ಹನ್ನೊಂದು. ಕೂದಲು ಸೊಂಟದವರೆಗೆ ಬಂದಿದೆ. ಹೇನು ಈಗಲೂ ಆಗುತ್ತವೆ, ಶಾಲೆಗೆ ಹೋಗುವ ಹುಡುಗಿಗೆ ಆಗದೆ ಇರುತ್ತವೆಯೇ. ರವಿವಾರ ಅವ್ವ ಕಟ್ಟೆಯ ಮೇಲೆ ಕೂತು ಸೀರಣಿಗೆ ಹಿಡಿಯುತ್ತಾಳೆ, ಎರಡು ಗಂಟೆ ಬಗ್ಗಿ ಒಂದೊಂದೇ ಸೀರು ತೆಗೆಯುತ್ತಾಳೆ. ಕಣ್ಣು ಮಂಜಾಗಿದೆ, ಕೈ ಬಿಡುವುದಿಲ್ಲ. ಈ ಪಂಚಮಿಗೆ ಹೋದಾಗ ನೋಡಿದೆ. ಬಾಚುವ ಮೊದಲು ಅವ್ವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಪುಟ್ಟಿಯ ಕೈಗೆ ಕೊಟ್ಟಳು. ಪುಟ್ಟಿ ಮುಚ್ಚಳ ತೆಗೆದು ಮೂಸಿ ನೋಡಿ, ಲೇಬಲ್ಲು ಗಟ್ಟಿಯಾಗಿ ಓದಿ, "ಕೊಬ್ಬರಿ ಎಣ್ಣಿ, ಆಯಿ" ಎಂದು ವಾಪಸು ಕೊಟ್ಟಳು. ಆಮೇಲೆ ತಿರುಗಿ ಕೂತು ಜಡೆ ಬಿಚ್ಚಿದಳು.